ಗೆರೆ ಸವೆದ ಹೆಬ್ಬೆಟ್ಟು

...ನಗ್ಬೇಡ ಕಣೋ, ರೇಷನ್ ಅಂಗಡಿ ಮಿಷನ್ನು ನನ್ನ ಹೆಬ್ಬೆಟ್ಟು ತಗಳ್ಳಿಲ್ಲ ಅಂದ್ರೆ ಅದ್ರಲ್ಲಿ ನಗೋದೇನೈತೆ? ಈ ಹೆಬ್ಬೆಟ್ಟಿಂದಾನೇ ನಿಮ್ಮಪ್ಪ ಹೊಟ್ಟೆತುಂಬ ಹಾಲು ಕುಡ್ದಿದ್ದು. ಅರಸೀಕೆರೆ ಹತ್ರ ತೆಂಗಿನ ನಾರಿನ ಫ್ಯಾಕ್ಟ್ರಿ ಇತ್ತಲ್ಲ, ಅಲ್ಲಿ ಹನ್ನೆರಡು ವರ್ಷ, ಅಲ್ಲಲ್ಲ, ಹದಿಮೂರು ವರ್ಷ ಹಗ್ಗ ಹೊಸ್ದಿದ್ದೀನಿ. ಈ ಕತೆ ನಡೆದಾಗ ನಿಮ್ಮಪ್ಪ ಮೂರು ತಿಂಗಳ ಕೂಸು. ಗೇಟ್ ಆಚೆ ಹುಣಸೆಮರಕ್ಕೆ ಸೀರೆ ತೊಟ್ಲು ಕಟ್ಟಿ ಬತ್ತಿದ್ದೆ, ನಮ್ಮತ್ತೆ ತೂಗೋರು. ಕೂಸು ಅಳೋದು ಒಳಗಿನವರೆಗೂ ಕೇಳೋದು, ಹಾಲು ಸೋರಿ ರವಿಕೆ ನೆನೆಯೋದು, ಆದ್ರೂ ಊಟದ ಗಂಟೆ ಹೊಡೆಯೋತಂಕ ಏಳಂಗಿಲ್ಲ. ಎದ್ರೆ, "ನಾಳೆಯಿಂದ ಬರ್ಬೇಡ" ಅನ್ನೋನು ಮೇಸ್ತ್ರಿ.

ನಮ್ಜೊತೆ ಹಾರನಹಳ್ಳಿ ಗೌರಕ್ಕ ಅಂತ ಇದ್ಲು. ನಮ್ಮ ಕಡೆ ಕೂಲಿ ಹೆಂಗಸ್ರಿಗೆ ಸಂಘ ಅಂತ ಮೊದ್ಲು ಕಟ್ಟಿದ್ದೇ ಅವಳು, ಗೊತ್ತಾ? "ಕೂಸಿಗೆ ಹಾಲು ಕುಡ್ಸೋಕೆ ಬಿಡಿ ಅಂತ ಅರ್ಜಿ ಬರೆಸಾನ, ಎಲ್ರೂ ಹೆಬ್ಬೆಟ್ಟು ಒತ್ರೇ" ಅಂದ್ಲು. ಮೂವತ್ತು ಜನ ಒತ್ತಿದ್ವಿ. ಹಾಸನದ ಲೇಬರ್ ಆಫೀಸಿಗೆ ಕಳ್ಸಿದ್ರೆ ಹಂಗೇ ವಾಪಸ್ ಬಂತು! ಯಾಕಂತೀಯ? ಒಂದ್ರಲ್ಲೂ ಗೆರೆ ಇಲ್ಲ, ಬರೀ ಮಸಿ ಮುದ್ದೆ, ಯಾರೋ ಒಬ್ರೇ ಮೂವತ್ತು ಸಲ ಒತ್ತವ್ರೆ, ಸುಳ್ಳರ್ಜಿ, ಅಂತ. "ಬಿಡಕ್ಕೋ, ನಮ್ಮ ಹಣೆಬರ" ಅಂದೆ ನಾನು. ಗೌರಕ್ಕ ರೇಗಿದ್ಲು ನೋಡು, "ಹಣೆಬರ ಅಲ್ಲ ಕಣೇ, ಗೆರೆನೆಲ್ಲ ನಾರು ತಿಂದೈತೆ! ನಡೀರೇ ಹಾಸನಕ್ಕೆ!"

ಕೆಲ್ಸ ಬಿಟ್ಟು ಬಸ್ ಹತ್ತಿದ್ವಿ. ನನ್ನ ಕಂಕುಳಲ್ಲಿ ನಿಮ್ಮಪ್ಪ. ಆಫೀಸರ್ರು ತಲೆ ಎತ್ತದೆ, "ಯಾರಮ್ಮಾ ನೀವೆಲ್ಲ?" ಅಂದ್ರು. ಗೌರಕ್ಕ, "ಸ್ವಾಮಿ, ನೀವು ಸುಳ್ಳು ಅಂದ್ರಲ್ಲ, ಆ ಹೆಬ್ಬೆಟ್ಟಿನೋರು ನಾವೇ. ಕೈ ತೋರ್ಸ್ರೇ!" ಅಂದ್ಲು. ಎಲ್ರೂ ಕೈ ಚಾಚಿದ್ವಿ. ಅವ್ರು ಒಂದೊಂದೇ ನೋಡ್ತಾ ನೋಡ್ತಾ ಬಂದ್ರು, ನನ್ನ ಬೆರಳು ಮುಟ್ಟಿ ನೋಡಿದ್ರು, ಕುರ್ಚಿ ಬಿಟ್ಟು ಎದ್ದು ನಿಂತ್ರು ಕಣೋ! "ತಪ್ಪಾಯ್ತು ತಾಯಿ" ಅಂದ್ರು. ಯಾರಿಗೆ? ನಂಗೆ! ಅದೇ ವಾರ ಫ್ಯಾಕ್ಟ್ರಿಗೆ ಬಂದು ಹುಕುಂ ಮಾಡಿದ್ರು, ಬೆಳಿಗ್ಗೆ ಒಂದ್ಸಲ, ಮಧ್ಯಾಹ್ನ ಒಂದ್ಸಲ, ತಾಯಂದ್ರನ್ನ ಬಿಡ್ಲೇಬೇಕು ಅಂತ. ಆಮೇಲೆ ಆ ಮೇಸ್ತ್ರೀನೇ ಬಂದು, "ಏಳವ್ವ, ನಿನ್ ಕೂಸು ಅಳ್ತೈತೆ" ಅನ್ನೋನು. ಮೊದಲ್ನೇ ದಿನ ಮರದ ಕೆಳಗೆ ಕೂತು ಹಾಲು ಕುಡಿಸ್ತಾ ಗಳಗಳ ಅತ್ತುಬಿಟ್ಟೆ.

ಗೌರಕ್ಕ ತೀರ್ಕೊಂಡ್ಲು. ಮೊನ್ನೆ ಸಂಘದ ಆಫೀಸಲ್ಲಿ ಅವಳ ಫೋಟೋ ಹಾಕಿದ್ರಲ್ಲ, ಹಾರ ಹಾಕೋಕೆ ನನ್ನನ್ನೇ ಕರೆದ್ರು, ಎಷ್ಟು ಹೆಮ್ಮೆ ಆಯ್ತು ಅಂತೀಯ! ಕೇಳು ಮಗಾ, ಒಬ್ರೇ ಕೈ ಚಾಚಿದ್ರೆ ಭಿಕ್ಷೆ ಅಂತಾರೆ, ಎಲ್ರೂ ಒಟ್ಟಿಗೆ ಚಾಚಿದ್ರೆ ಎದ್ದು ನಿಂತ್ಕೊಂತಾರೆ.