ಮೂರು ಗೆರೆಗಳ ಅಳತೆ

ಕಣ್ಣಿನ ಆಸ್ಪತ್ರೆಯ ಬೆಂಚಿನಲ್ಲಿ ಸರದಿಗಾಗಿ ಕಾಯುತ್ತಿದ್ದ ಹಿರಿಯರೊಬ್ಬರ ಕಿವಿಗೆ, ಪಕ್ಕದ ಅತ್ತೆ ಸೊಸೆಯರ ಮಾತು ತಾನಾಗಿಯೇ ಬೀಳುತ್ತಿತ್ತು. ಸೊಸೆಯ ಮಡಿಲಲ್ಲಿ ಗೆರೆಗಳು ಏರಿಳಿದ ಒಂದು ಹಾಳೆ.

"ಬೆಳಕು ತಾಗಿದ್ರೆ ಅಣುವಿಂದ ಎಲೆಕ್ಟ್ರಾನ್ ಹಾರುತ್ತೆ ಅತ್ತೆ. ಅದರ ವೇಗ ನೋಡಿ, ಅಣು ಅದನ್ನ ಎಷ್ಟು ಬಿಗಿಯಾಗಿ ಹಿಡಿದಿತ್ತು ಅಂತ ಹೇಳ್ತೀವಿ."

"ಸರಿ. ಅದಕ್ಕೆ ಮುಖ ಯಾಕೆ ಊದಿಸ್ಕೊಂಡಿದ್ದೀಯ?"

"ಹಿಂದಿನವರ ಅಳತೆಗೆ ನಂದು ಹೊಂದ್ತಿಲ್ಲ. ಸಂಜೆ ಗುರುಗಳಿಗೆ ತೋರಿಸ್ಬೇಕು. ಆರು ತಿಂಗಳ ಕೆಲಸ ನೀರುಪಾಲು."

"ಎಷ್ಟು ತಪ್ಪಿದೆ?"

"ಮೂರು ಗೆರೆನೂ ಪಕ್ಕಕ್ಕೆ ಸರಿದಿವೆ."

"ಮೂರೂ ಒಂದೇ ಅಷ್ಟಾ?"

"ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ."

"ನಲವತ್ತು ವರ್ಷ ಬಟ್ಟೆ ಹೊಲಿದೋಳು ನಾನು. ಟೇಪಿನ ತುದಿ ಸವೆದಾಗ ತೋಳು, ಎದೆ, ಉದ್ದ ಎಲ್ಲಾ ಅರ್ಧ ಇಂಚೇ ತಪ್ಪಿತ್ತು. ನಿನ್ನ ಯಂತ್ರದ ಸೊನ್ನೆ ನೋಡಿದ್ಯೇನೇ?"

ಸೊಸೆ ಹಾಳೆಯ ಅಂಚಿನಲ್ಲಿ ಬರೆದಿದ್ದ ದಿನಾಂಕದ ಮೇಲೆ ಬೆರಳಿಟ್ಟಳು.

"ಅಳತೆ ತೆಗೆದ ದಿನ ಯಂತ್ರದೊಳಗೆ ಆರ್ಗಾನ್ ಅನಿಲ ಹಾಯಿಸಿ ಸೊನ್ನೆ ಹೊಂದಿಸೋದೇ ಮರೆತೆ ಅತ್ತೆ."

"ಮತ್ತೆ ಮೊದಲಿಂದ ಅಳೀಬೇಕಾ?"

"ಬೇಡ. ಯಂತ್ರದೊಳಗೆ ಉಳಿದಿದ್ದ ನೀರಾವಿಯ ಗೆರೆನೂ ಇಲ್ಲೇ ಬಿದ್ದಿದೆ. ಅದರ ಜಾಗ ಎಲ್ಲರಿಗೂ ಗೊತ್ತು. ಅದಕ್ಕೆ ಹೊಂದಿಸಿದ್ರೆ ಮೂರೂ ಸರಿಹೋಗುತ್ತೆ. ಪ್ರಬಂಧದಲ್ಲಿ ನಿಮಗೊಂದು ವಂದನೆ ಹಾಕ್ತೀನಿ."

"ದರ್ಜಿ ಅಂತ ಹಾಕು. ಅತ್ತೆ ಅಂತ ಹಾಕಿದ್ರೆ ಯಾರೂ ನಂಬಲ್ಲ."

ದಾದಿ ಕರೆದಳು. ಸೊಸೆ ನಗುತ್ತಲೇ ಅತ್ತೆಯ ಕೈಹಿಡಿದು ಒಳಗೆ ಹೋದಳು. ಅವರು ಎದ್ದುಹೋದ ಜಾಗವನ್ನು ನೋಡುತ್ತ ಹಿರಿಯರು ಮನಸ್ಸಿನಲ್ಲೇ ಇಬ್ಬರಿಗೂ ಒಳಿತು ಕೋರಿದರು.