ಮೂಲೆ ಕೋಣೆಯ ಕ್ಯಾಮೆರಾ

ನಾನು ಲಿಫ್ಟಿಗೆ ಕಾಯುತ್ತಿದ್ದೆ. ಎದುರು ಮನೆಯ ಬಾಗಿಲಲ್ಲಿ ಇಂಟರ್ನೆಟ್ ರಿಪೇರಿಯವನು ಶೂ ಹಾಕಿಕೊಳ್ಳುತ್ತ ಮನೆಯಾಕೆಗೆ ಹೇಳುತ್ತಿದ್ದ.

“ಫೈಬರ್ ಸರಿಯಾಗೇ ಇದೆ ಅಕ್ಕಾ. ಮನೆವರೆಗೂ ಮುನ್ನೂರು ಸ್ಪೀಡ್ ಬರ್ತಿದೆ. ನಿಮ್ಮ ವೈಫೈ ನಿಧಾನ ಆಗ್ತಿರೋದು ಆ ಮೂಲೆ ಕೋಣೆ ಕ್ಯಾಮೆರಾದಿಂದ. ಸಿಗ್ನಲ್ ಸರಿಯಾಗಿ ಸಿಗದ ಜಾಗದಿಂದ ಒಂದೇ ಸಮನೆ ವಿಡಿಯೋ ಕಳಿಸ್ತಿದೆ.”

“ಅದು ಅಮ್ಮ ಹಾಸಿಗೆ ಹಿಡಿದಾಗ ಹಾಕಿಸಿದ್ದು. ಅಮ್ಮ ಹೋಗಿ ಆರು ತಿಂಗಳಾಯ್ತು. ಕಿಟಕಿ ಕೂಡ ತೆಗೆದಿಲ್ಲ, ಖಾಲಿ ಮಂಚ ಬಿಟ್ರೆ ಅಲ್ಲೇನಿದೆ?”

“ಯಾರೋ ನೋಡ್ತಿದ್ದಾರಲ್ಲ. ಫೋನಲ್ಲಿ ತೆರೆದು ನೋಡಿದ್ರೆ ಮಾತ್ರ ಅದು ಕಳಿಸೋದು.”

“ನಾನಂತೂ ಆ ಕಡೆ ತಲೆನೂ ಹಾಕಿಲ್ಲಪ್ಪಾ.”

“ಇನ್ಯಾರ ಫೋನಲ್ಲಿದೆ?”

ಆಕೆ ಬಾಗಿಲ ಚಿಲಕ ಹಿಡಿದುಕೊಂಡಳು.

“ನಮ್ಮಣ್ಣನ ಫೋನಲ್ಲಿ. ಅಮ್ಮನ ಮಣ್ಣಿಗೂ ಬರ್ಲಿಲ್ಲ ಅವನು. ಕಲ್ಲು ಮನಸ್ಸಿನವನು ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದ್ದೀನಿ.”

ಆಕೆ ತಿರುಗಿ ಮೂಲೆ ಕೋಣೆಯತ್ತ ನೋಡಿದಳು.

“ಈಗ್ಲೂ ನೋಡ್ತಿದ್ದಾನಾ?”

ಅವನು ತನ್ನ ಫೋನ್ ತೆಗೆದು ನೋಡಿದ. “ಹ್ಞೂಂ ಅಕ್ಕಾ, ವಿಡಿಯೋ ಹೋಗ್ತಾನೇ ಇದೆ. ಕ್ಯಾಮೆರಾ ಬಿಚ್ಚಿಬಿಡ್ಲಾ?”

“ಬೇಡ, ಇರ್ಲಿ. ನೆಟ್ಟು ನಿಧಾನಕ್ಕೇ ಬರ್ಲಿ.”

ಲಿಫ್ಟ್ ಬಂತು. ಅವನೂ ನನ್ನೊಡನೆ ಒಳಗೆ ಬಂದ. ಲಿಫ್ಟಿನ ಬಾಗಿಲು ಮುಚ್ಚುವಾಗ ಆಕೆ ಮಗಳನ್ನು ಕೂಗಿದ್ದು ಕೇಳಿಸಿತು.

“ಪುಟ್ಟೀ, ಅಜ್ಜಿ ಕೋಣೆ ಕಿಟಕಿ ತೆಗಿಯೇ. ಕತ್ತಲಲ್ಲಿ ಮಾಮನಿಗೆ ಏನು ಕಾಣುತ್ತೆ?”