ಊಟಕ್ಕೆ ಕೂತವರ ಫೋಟೋ

ಹೇಳಿಕೆ ಕೊಡುತ್ತಿರುವವಳು ತ್ರಿಪುರಸುಂದರಿ, ದ್ವಾರಕಾನಾಥರ ಪತ್ನಿ, ವಯಸ್ಸು ನಲವತ್ತನಾಲ್ಕು. ಕೆಲಸ, ಇಲ್ಲಿನ ಲೈಬ್ರರಿಯಲ್ಲಿ ಮಕ್ಕಳಿಗೆ ಕಥೆ ಹೇಳುವುದು. ವಾಸ, ಕ್ರ್ಯಾನ್‌ಬರಿ ರಸ್ತೆ, ಈಸ್ಟ್ ಬ್ರನ್ಸ್‌ವಿಕ್, ನ್ಯೂಜೆರ್ಸಿ. ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. ಪಕ್ಕದ ಮನೆಯ ಕೇಶವಮೂರ್ತಿಯವರು ಬರೆದುಕೊಂಡು, ಆಮೇಲೆ ಪೊಲೀಸ್ ಸಾರ್ಜೆಂಟರಿಗೆ ಇಂಗ್ಲಿಷಿನಲ್ಲಿ ಓದಿ ಹೇಳುತ್ತಾರೆ. ನನಗೂ ಇಂಗ್ಲಿಷ್ ಬರುತ್ತದೆ. ಆದರೆ ಇಂಗ್ಲಿಷಿನಲ್ಲಿ ಮಾತಾಡಿದರೆ ಎರಡು ವಾಕ್ಯಕ್ಕೊಮ್ಮೆ ‘ಸಾರಿ’ ಎಂಬ ಮಾತು ತಾನಾಗಿ ಬಾಯಿಗೆ ಬರುತ್ತದೆ. ಇವತ್ತು ಅದು ಬೇಡ. ನಡೆದದ್ದನ್ನು ನಡೆದ ಹಾಗೆ ಬರೆಸುವುದೇನೆಂದರೆ:

೧೯೭೭ನೇ ಇಸವಿ ಜುಲೈ ತಿಂಗಳಲ್ಲಿ ನಾನು, ಯಜಮಾನರು, ಹನ್ನೆರಡು ವರ್ಷದ ಮಗಳು ಕಲಾ, ಮೂವರೂ ದಕ್ಷಿಣ ಆಫ್ರಿಕಾ ಪ್ರವಾಸಕ್ಕೆ ಹೋದೆವು. ಭಾರತದ ಪಾಸ್‌ಪೋರ್ಟಿನಲ್ಲಿ ಆ ದೇಶಕ್ಕೆ ಹೋಗುವ ಹಾಗಿರಲಿಲ್ಲ. ಹಿಂದಿನ ವರ್ಷ ನಮಗೆ ಅಮೆರಿಕದ ಪಾಸ್‌ಪೋರ್ಟ್ ಬಂದಿತ್ತು. ಹದಿನೆಂಟನೇ ನಂಬರಿನ ಹೈವೇ ಪಕ್ಕದಲ್ಲಿ ಟ್ರಾವೆಲ್ ಏಜೆನ್ಸಿ ಇಟ್ಟಿರುವ ಟೋನಿ ಎಂಬುವರು, ಅಮೆರಿಕನ್ನರಾದ ಮೇಲೆ ಅಲ್ಲಿ ನಮಗೆ ಬಣ್ಣದ ಕಟ್ಟಳೆ ಏನೂ ತಾಗುವುದಿಲ್ಲ ಎಂದು ಭರವಸೆ ಕೊಟ್ಟರು. ಯಜಮಾನರಿಗೆ ಜಿರಾಫೆ ಓಡುವುದನ್ನು ಕಣ್ಣಾರೆ ನೋಡಬೇಕೆಂಬ ಆಸೆ ಬಹಳ ದಿನದಿಂದ ಇತ್ತು. ಟೋನಿಯವರೂ ಕ್ಯಾಮೆರಾ ಹಿಡಿದು ಗುಂಪಿನ ಜೊತೆ ಬಂದರು. ಗುಂಪಿನಲ್ಲಿ ಬಿಳಿಯರಲ್ಲದವರು ನಾವು ಮೂವರೇ.

ಜೋಹಾನ್ಸ್‌ಬರ್ಗಿನಲ್ಲಿ ಮೂರು ದಿನ ದೊಡ್ಡ ಹೋಟೆಲಿನಲ್ಲಿ ಇದ್ದೆವು. ಹೊರದೇಶದವರನ್ನು, ಯಾವ ಬಣ್ಣದವರಾದರೂ, ಇರಿಸಿಕೊಳ್ಳಲು ಆ ಹೋಟೆಲಿಗೆ ಪರವಾನಗಿ ಇತ್ತಂತೆ. ಬಾಗಿಲ ಒಳಗೆ ನಾವು ಅಮೆರಿಕನ್ನರು, ಹೊಸ್ತಿಲು ದಾಟಿದರೆ ಇಂಡಿಯನ್ನರು. ಎದುರಿನ ಪಾರ್ಕಿನ ಬೆಂಚಿನ ಮೇಲಿದ್ದ ‘ಬಿಳಿಯರಿಗೆ ಮಾತ್ರ’ ಎಂಬ ಬರಹ ಓದಿ ಕಲಾ ನಿಂತೇ ಇದ್ದಳು. ಅದನ್ನೂ ಸಹಿಸಿಕೊಂಡೆವು.

ನಾಲ್ಕನೆಯ ದಿನ ಕಾಡಿನ ಲಾಡ್ಜಿಗೆ ಹೋದೆವು. ಹುಲ್ಲಿನ ಮಾಡಿನ ಗುಡಿಸಲುಗಳು, ಎದುರಿಗೆ ನೀರಿನ ಹೊಂಡ. ಸಂಜೆ ಆನೆಗಳು ಬಂದವು, ಜಿರಾಫೆಯೂ ಓಡಿತು. ಯಜಮಾನರು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಏಳು ಗಂಟೆಗೆ ಬೆಂಕಿಯ ಸುತ್ತ ಮೇಜು ಹಾಕಿ ಊಟಕ್ಕೆ ಕರೆದರು. ತಟ್ಟೆಗೆ ಆಲೂಗೆಡ್ಡೆ, ಕುಂಬಳಕಾಯಿ, ಬ್ರೆಡ್ಡು ಬಡಿಸಿದರು. ಟೋನಿಯವರು ನಗಿ ಎಂದರು. ನಕ್ಕೆವು. ಫೋಟೋ ತೆಗೆದರು.

ಆಮೇಲೆ ಮ್ಯಾನೇಜರ್ ಬಂದು ಟೋನಿಯವರ ಕಿವಿಯಲ್ಲಿ ಏನೋ ಹೇಳಿದರು. ಟೋನಿಯವರು ನಮ್ಮ ಹತ್ತಿರ ಬಂದು, ಬೇರೆ ಅತಿಥಿಗಳು ಆಕ್ಷೇಪ ಎತ್ತಿದ್ದಾರೆ, ಇಲ್ಲಿನ ರೂಲ್ಸು ಹೀಗೆ, ಊಟವನ್ನು ಗುಡಿಸಲಿಗೇ ಕಳಿಸುತ್ತೇವೆ, ದಯವಿಟ್ಟು ಏಳಿ ಎಂದರು. ನಾನು ತುತ್ತು ಬಾಯಿಗೆ ಇಟ್ಟಿದ್ದೆ. ಯಜಮಾನರು ಎದ್ದರು. ಕಲಾ ಎದ್ದಳು. ಕೊನೆಗೆ ನಾನೂ ಎದ್ದೆ. ತಟ್ಟೆ ಹಿಡಿದು ನಮ್ಮ ಹಿಂದೆ ಬಂದ ಕಪ್ಪು ಮನುಷ್ಯ, ಗುಡಿಸಲಿನಲ್ಲಿ ತಟ್ಟೆಗಳನ್ನು ಇಟ್ಟು, ತಾನು ಇಪ್ಪತ್ತು ವರ್ಷದಿಂದ ಆ ಮೇಜಿಗೆ ಬಡಿಸುತ್ತಿದ್ದೇನೆ, ಒಂದು ದಿನವೂ ಕೂತಿಲ್ಲ ಎಂದು ಹೇಳಿ ಹೋದ. ಕಲಾ ಕೇಳಿದಳು: “ಅಮ್ಮಾ, ವೈ ಡಿಡ್ ವಿ ಗೆಟ್ ಅಪ್?”

ಕೇಶವಮೂರ್ತಿಯವರು ಇಲ್ಲಿ ಪೆನ್ನು ನಿಲ್ಲಿಸಿ, ಊಟ ಹೇಗೂ ಗುಡಿಸಲಿಗೆ ಬಂತಲ್ಲ, ಈ ಭಾಗ ಇಷ್ಟು ಉದ್ದ ಬೇಕೆ ಎಂದು ಕೇಳುತ್ತಿದ್ದಾರೆ. ಬೇಕು. ನನ್ನ ಅಪ್ಪ ಊರಿನಲ್ಲಿ ಮದುವೆಗಳಿಗೆ ಓಲಗ ಊದುತ್ತಿದ್ದವರು. ಒಂದು ವರಪೂಜೆಯ ರಾತ್ರಿ, ಎಲೆಗೆ ಅನ್ನ ಬಿದ್ದ ಮೇಲೆ, ಓಲಗದವರು ಈ ಸಾಲಿನಲ್ಲಿ ಕೂರಬಾರದೆಂದು ಅವರನ್ನು ಎಬ್ಬಿಸಿದರು. ಅಪ್ಪ ಎದ್ದು, ಕೈ ತೊಳೆದು, ವಾದ್ಯ ಕಂಕುಳಲ್ಲಿ ಇಟ್ಟುಕೊಂಡು ನನ್ನನ್ನು ಕರೆದುಕೊಂಡು ಮನೆಗೆ ನಡೆದರು. ಬೆಳಿಗ್ಗೆ ಧಾರೆಯ ಹೊತ್ತಿಗೆ ಆ ಚಪ್ಪರದಲ್ಲಿ ಓಲಗ ಇರಲಿಲ್ಲ. ಎಲೆಯ ಮುಂದಿನಿಂದ ಎಬ್ಬಿಸುವುದು ಏನೆಂದು ನನಗೆ ಯಾವ ದೇಶದವರೂ ವಿವರಿಸಬೇಕಾಗಿಲ್ಲ.

ವಾಪಸ್ ಹೊರಡುವಾಗ, ಪ್ರವಾಸ ಹೇಗಿತ್ತು ಎಂದು ಟೋನಿಯವರು ಕೇಳಿದರು. ಯಜಮಾನರು ಎಲ್ಲ ಬಹಳ ಚೆನ್ನಾಗಿತ್ತು ಎಂದರು. ನಮ್ಮ ಕಡೆ ಉಂಡ ಮನೆಯವರು ಕೇಳಿದರೆ ಉಪ್ಪಿಲ್ಲದ ಸಾರನ್ನೂ ಚೆನ್ನಾಗಿತ್ತು ಎನ್ನುತ್ತೇವೆ. ಅದು ದಾಕ್ಷಿಣ್ಯ, ಸಾಕ್ಷಿಯಲ್ಲ.

ಈ ತಿಂಗಳು, ಫೆಬ್ರವರಿ ಹದಿನೈದರಂದು, ನ್ಯೂಯಾರ್ಕ್ ಕಡೆಯ ಜೆರಿಕೋದಲ್ಲಿರುವ ಗೆಳತಿ ಪಂಕಜಾ ಫೋನ್ ಮಾಡಿದಳು. ಪ್ರವಾಸ ವಿಚಾರಿಸಲು ತಾನು ಹೋಗಿದ್ದ ಟೋನಿಯವರ ಅಂಗಡಿಯ ಕಿಟಕಿಯಲ್ಲಿ ನಾವು ಮೂವರು ನಗುತ್ತ ಊಟಕ್ಕೆ ಕೂತಿರುವ ದೊಡ್ಡ ಫೋಟೋ ಇದೆ ಎಂದಳು. “ಅದನ್ನ ನೋಡಿಯೇ ಧೈರ್ಯ ಬಂತು ಕಣೆ. ಅದೇ ಆಫ್ರಿಕಾ ಟೂರ್ ಬುಕ್ ಮಾಡಿಬಿಟ್ವಿ. ಅತ್ತೇನೂ ಕರ್ಕೊಂಡು ಹೋಗ್ತಿದೀವಿ.” ಅವಳ ಅತ್ತೆಗೆ ಎಪ್ಪತ್ತು ದಾಟಿದೆ. ನಾನು ನಡೆದದ್ದನ್ನು ಹೇಳಿದೆ. ಫೋಟೋದ ಕೆಳಗೆ ದ್ವಾರಕಾನಾಥ್ ಅವರೇ ಎಲ್ಲ ಬಹಳ ಚೆನ್ನಾಗಿತ್ತು ಅಂದಿದ್ದಾರಲ್ಲ, ನೀನು ಒಂದಕ್ಕೆ ಹತ್ತು ಮಾಡುತ್ತಿದ್ದೀ ಎಂದಳು. ನನ್ನ ಮಾತಿಗಿಂತ ನನ್ನ ಫೋಟೋವನ್ನೇ ಅವಳು ನಂಬಿದಳು.

ಇವತ್ತು ಹನ್ನೊಂದು ಗಂಟೆಗೆ ನಾನು ಅಂಗಡಿಗೆ ಹೋದೆ. ಟೋನಿಯವರು, ಬನ್ನಿ ಬನ್ನಿ, ನಮ್ಮ ಅಂಗಡಿಯ ಸ್ಟಾರ್ ಬಂದರು ಎಂದು ಕಾಫಿ ತರಿಸಿದರು. ನಾನು ಕಾಫಿ ಮುಟ್ಟಲಿಲ್ಲ. ಫೋಟೋ ತೆಗೆಯಿರಿ ಎಂದೆ. ನೀವು ಆ ಮೇಜಿಗೆ ಕೂತದ್ದು ಸುಳ್ಳೇ ಎಂದು ಕೇಳಿದರು. ಕೂತದ್ದು ನಿಜ, ಎಬ್ಬಿಸಿದ್ದೂ ನಿಜ, ಎರಡನೆಯದು ನಿಮ್ಮ ಫೋಟೋದಲ್ಲಿ ಇಲ್ಲ ಎಂದೆ. ಅವರು ನಕ್ಕು ಫೋನ್ ಎತ್ತಿಕೊಂಡರು. ನಾನು ಹಿಮದ ಬೂಟು ಬಿಚ್ಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಿಟಕಿಯ ಕಟ್ಟೆ ಹತ್ತಿ ಫೋಟೋ ಇಳಿಸಿದೆ. ಅಲ್ಲಿದ್ದ ರಟ್ಟಿನ ಜಿರಾಫೆಯ ಕತ್ತು ಮುರಿದದ್ದು ನನ್ನ ಮೊಣಕೈ ತಗುಲಿ. ಅದನ್ನು ನಾನೇ ಅಂಟಿಸಿಕೊಡುತ್ತೇನೆ. ಟೋನಿಯವರು ಫೋನ್ ಮಾಡಿ ಕರೆಸಿದ ಪೊಲೀಸರು ಬರುವ ತನಕ ಫೋಟೋವನ್ನು ತೊಡೆಯ ಮೇಲೆ ಇಟ್ಟುಕೊಂಡು ಅಲ್ಲೇ ಕುರ್ಚಿಯಲ್ಲಿ ಕೂತಿದ್ದೆ. ಓಡಿಹೋಗಲಿಲ್ಲ.

ಸಾರ್ಜೆಂಟರು ಒಳ್ಳೆಯ ಮನುಷ್ಯರು. ಕೋಪದ ಭರದಲ್ಲಿ ತಪ್ಪಾಯಿತು ಎಂದು ಒಂದು ಮಾತು ಬರೆಸಿ ಫೋಟೋ ವಾಪಸ್ ಕೊಟ್ಟರೆ ಟೋನಿಯವರು ದೂರು ಹಿಂತೆಗೆದುಕೊಳ್ಳುತ್ತಾರೆ, ಊಟದ ಹೊತ್ತಿಗೆ ಮನೆಯಲ್ಲಿರಬಹುದು ಎಂದರು. ನನಗೆ ಕೋಪವೂ ಇರಲಿಲ್ಲ, ಭರವೂ ಇರಲಿಲ್ಲ. ಅದನ್ನು ಮತ್ತೆ ಅಲ್ಲಿ ತೂಗುಹಾಕಿದರೆ ನಾನು ಮತ್ತೆ ಇಳಿಸುತ್ತೇನೆ. ಈ ಫೋಟೋ ತೆಗೆದಾದ ಮೇಲೆ ಇವರನ್ನು ಊಟದಿಂದ ಎಬ್ಬಿಸಲಾಯಿತು ಎಂದು ಟೋನಿಯವರು ಅದರ ಕೆಳಗೆ ಬರೆಯಲಿ, ನಾನೇ ಬಂದು ಮೊಳೆ ಹೊಡೆದು ಹಾಕಿಕೊಡುತ್ತೇನೆ. ಕೇಶವಮೂರ್ತಿಯವರು ಇಂಗ್ಲಿಷ್ ಮಾಡುವಾಗ ಇದನ್ನು ಮೆತ್ತಗೆ ಮಾಡಬಾರದು.

ಬರೆದದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ನಡೆದಂತೆಯೇ ಇದೆ. ಕ್ಷಮೆ ಎಂಬ ಮಾತು ಇದರಲ್ಲಿ ಇಲ್ಲ. ಅದು ಬಿಟ್ಟುಹೋದದ್ದಲ್ಲ.

ಈಸ್ಟ್ ಬ್ರನ್ಸ್‌ವಿಕ್
೧೮ ಫೆಬ್ರವರಿ ೧೯೭೮
(ಸಹಿ) ತ್ರಿಪುರಸುಂದರಿ

ನಾನು ದ್ವಾರಕಾನಾಥ, ವಯಸ್ಸು ನಲವತ್ತೊಂಬತ್ತು, ಎಂಜಿನಿಯರ್, ಮೇಲ್ಕಂಡವರ ಪತಿ. ಹೊರಗೆ ಬೆಂಚಿನ ಮೇಲೆ ಕೂತಿದ್ದವನು, ಒಂದು ಸಾಲು ಸೇರಿಸಲು ಸಾರ್ಜೆಂಟರ ಅನುಮತಿ ಕೇಳಿ ಒಳಗೆ ಬಂದಿದ್ದೇನೆ. ಫೋಟೋದ ಕೆಳಗಿರುವ ಮಾತು ನನ್ನದೇ. ಅದನ್ನು ವಾಪಸ್ ತೆಗೆದುಕೊಂಡಿದ್ದೇನೆ. ಚೆನ್ನಾಗಿರಲಿಲ್ಲ.

(ಸಹಿ) ದ್ವಾರಕಾನಾಥ